ಏಳು ದಿನದಲ್ಲಿ ಒಂದು ತಾಸು

“ಹೋದ ಏಳು ದಿನದಾಗ ಒಂದು ತಾಸರ ಕೆಲಸ ಮಾಡೀರೇನ್ರಿ?”

ಹುಡುಗಿ ಕೇಳಿದ್ದು ಇಷ್ಟೇ. ಕೇಳಿ, ತೊಡೆಯ ಮೇಲಿನ ಟ್ಯಾಬಿಗೆ ಬೆರಳು ಹಚ್ಚಿಕೊಂಡು ಉತ್ತರಕ್ಕೆ ಕಾದಳು. ಹೆಸರು ಶೃತಿ. ಮಂಗಳವಾರ ಬೆಳಗಿನ ಬಸ್ಸಿಗೆ ಗದಗದಿಂದ ಬಂದು, ಹೊಂಬಳದ ಆಚೆಗಿನ ಈ ಊರಿನಲ್ಲಿ ಇಳಿದಿದ್ದಳು. ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ ಎಂದು ಸರಕಾರ ಲೆಕ್ಕ ತೆಗೆಯುತ್ತಿದೆಯಂತೆ. ಇಡೀ ಊರಿನಲ್ಲಿ ಎಂಟೇ ಮನೆ ಆರಿಸಿದ್ದಾರಂತೆ. ಕೇರಿಯಲ್ಲಿ ಲಕ್ಕಪ್ಪನ ಮನೆಯೊಂದೇ ಬಂದಿದೆಯಂತೆ.

“ಇಲ್ರಿ,” ಅಂದ ಲಕ್ಕಪ್ಪ.

ಆ ಒಂದು ಮಾತು ಬಾಯಿಂದ ಹೊರಬೀಳಲು ಅವನಿಗೆ ಎಂಟು ತಿಂಗಳು ಹಿಡಿದಿತ್ತು. ಹತ್ತೊಂಬತ್ತು ವರ್ಷ ಬೆಟಗೇರಿಯ ಹತ್ತಿ ಮಿಲ್ಲಿನಲ್ಲಿ ದುಡಿದವನು. ಮೂಟೆ ಒತ್ತುವ ಪ್ರೆಸ್ಸಿನ ಗುಂಡಿಗೆ ಇಳಿದು ಹತ್ತಿಯನ್ನು ಕಾಲಿನಿಂದ ತುಳಿಯುವ ಕೆಲಸ. ತುಳಿದು ತುಳಿದು ಮೊಣಕಾಲು ಸವೆದವು. ಮೂಗಿನಲ್ಲಿ, ಕಿವಿಯಲ್ಲಿ, ರೆಪ್ಪೆಯ ಮೇಲೆ ಹತ್ತಿ ಕೂತು ಹರೆಯದಲ್ಲೇ ಮುದುಕನಾಗಿ ಕಾಣುತ್ತಿದ್ದ. ಕೆಮ್ಮಿದರೆ ಬಿಳಿ ಎಳೆ ಬರುತ್ತಿತ್ತು. ಆದರೂ ಅದು ಕೆಲಸ. ಶನಿವಾರಕ್ಕೊಮ್ಮೆ ಪಗಾರ. ಅಂಗಿಯ ಕಿಸೆಯ ಮೇಲೆ ಮಿಲ್ಲಿನ ಹೆಸರು. ಗೇಟಿನಲ್ಲಿ ಅವನ ಹೆಸರನ್ನು ಯಾರೂ ಮುರಿದು ಕರೆಯುತ್ತಿರಲಿಲ್ಲ.

ಒಂದು ದಿನ ಮಾಲಕ ಬಂದು, ಹೊಸ ಯಂತ್ರ ತರಿಸುತ್ತೇನೆ, ಎರಡು ತಿಂಗಳು ಮನೆಯಲ್ಲಿರಿ ಅಂದ. ಯಂತ್ರ ಬರಲಿಲ್ಲ. ಗೇಟು ತೆರೆಯಲಿಲ್ಲ. ಜಾಗಕ್ಕೆ ಸುಣ್ಣದ ಗೆರೆ ಬಿದ್ದು ಪ್ಲಾಟು ಮಾರಿಹೋದವು. ಮೊದಲು ಗೇಟಿನ ಎದುರಿನ ಚಹಾದಂಗಡಿ ಮುಚ್ಚಿತು, ಆಮೇಲೆ ಖಾನಾವಳಿ, ಆಮೇಲೆ ಪಂಕ್ಚರ್ ತಿದ್ದುವವನೂ ಗಂಟು ಕಟ್ಟಿದ. ನೂರಾ ಹತ್ತು ಮಂದಿಯ ಕೂಲಿ ನಿಂತರೆ ನೂರಾ ಹತ್ತು ಒಲೆ ಮಾತ್ರ ಆರುವುದಿಲ್ಲ, ಬೀದಿಗೆ ಬೀದಿಯೇ ಆರಿಹೋಗುತ್ತದೆ. ಇದನ್ನು ಲಕ್ಕಪ್ಪನಿಗೆ ಯಾರೂ ಓದಿ ಹೇಳಲಿಲ್ಲ, ಕಣ್ಣಾರೆ ಕಂಡ.

ಶಿಗ್ಲಿಯ ಹೊನ್ನೇಶ ಅದೇ ಗುಂಡಿಯಲ್ಲಿ ಅವನ ಜೋಡಿ ತುಳಿದವನು. ಮಿಲ್ಲು ಮುಚ್ಚಿದ್ದನ್ನು ಮನೆಯಲ್ಲಿ ಹೇಳಲೇ ಇಲ್ಲ. ನಾಲ್ಕು ತಿಂಗಳು ದಿನಾ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿ ಬಂದು, ಮುಚ್ಚಿದ ಗೇಟಿನ ಮುಂದೆ ಕೂತು, ಹಾದುಹೋಗುವವರನ್ನು ಕೆಲಸ ಕೇಳಿ, ಸಂಜೆ ಮರಳುತ್ತಿದ್ದ. ಒಂದು ದಿನ ಮಿಲ್ಲಿನ ಹಿಂದಿನ ಬಾವಿಯಲ್ಲಿ ಸಿಕ್ಕ. ಕಾಲು ಜಾರಿ ಬಿದ್ದ ಎಂದು ಪೊಲೀಸರು ಬರೆದುಕೊಂಡರು. ಆವತ್ತಿನಿಂದ ಹೊನ್ನೇಶ ಲಕ್ಕಪ್ಪನಿಗೆ ಕಾಣುತ್ತಾನೆ. ಹಾಡುಹಗಲೇ ಕಾಣುತ್ತಾನೆ. ರೆಪ್ಪೆಯ ಮೇಲೆ ಹತ್ತಿ, ಕೈಯಲ್ಲಿ ಬುತ್ತಿ. “ಇವತ್ತ ಯಾವ ಪಾಳಿಲೇ?” ಅಂತ ಕೇಳುತ್ತಾನೆ. ಈಗಲೂ ಹುಡುಗಿಯ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಂತಿದ್ದ.

ಅಷ್ಟರಲ್ಲಿ ಒಳಗಿನಿಂದ ಕರಿಯವ್ವ ಗೋಡೆ ಹಿಡಿದುಕೊಂಡು ಹೊರಬಂದಳು. ಲಕ್ಕಪ್ಪನ ತಾಯಿ. ಎಪ್ಪತ್ತು ದಾಟಿದ ಜೀವ, ಉಬ್ಬಸದ ಎದೆ. ಸರಕಾರದವರ ಮುಂದೆ ಮಗ “ಇಲ್ಲ” ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಮಗನ ಮಾನ ಹೋಯಿತಲ್ಲ ಅನ್ನಿಸಿತು ಮುದುಕಿಗೆ.

“ಅಂವ ಹಂಗ ಅಂತಾನ್ರಿ ಅಕ್ಕಾರ. ನನ್ನ ಮಗ ಖಾಲಿ ಕುಂದ್ರೂ ಪೈಕಿ ಅಲ್ರಿ. ಮೊನ್ನಿ ಶುಕ್ರಾರ ಮ್ಯಾಲಿನ ಓಣ್ಯಾಗ ಮುದುಕಿ ಸತ್ರ ಕುಣಿ ತಗದಾನ್ರಿ. ನಾಕ ತಾಸು. ಒಬ್ಬನ!”

“ಏನರ ಕೊಟ್ರೇನಬೇ?”

“ಕೊಟ್ರಲ್ರಿ. ಟೆಂಗಿನಕಾಯಿ, ಟಾವೆಲ್ಲು, ಎರಡ ಸೇರು ಜ್ವಾಳ.”

ಶೃತಿಯ ಬೆರಳು ಟಕ್ಕನೆ ಒತ್ತಿತು. “ಆತಲ್ರಿ ಮತ್ತ. ಕೆಲಸ ಐತಿ ಹಂಗಾರ. ಕೂಲಿ ಕೆಲಸ.”

ಲಕ್ಕಪ್ಪನ ಮೈ ಉರಿದುಹೋಯಿತು.

ಕೆಲಸವಂತೆ! ಮೇಲಿನ ಓಣಿಯವರು ಸತ್ತರೆ ಕುಣಿ ತೆಗೆಯುವುದು ಈ ಕೇರಿಯ ಹಣೆಗೆ ಹಚ್ಚಿದ ಬಿಟ್ಟಿ. ಬರುವುದಿಲ್ಲ ಅನ್ನುವ ಹಾಗಿಲ್ಲ. ಇಷ್ಟು ಕೊಡಿ ಅನ್ನುವ ಹಾಗಿಲ್ಲ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಆಳುದ್ದ ತೆಗೆದು, ಇಳಿಯಲು ಮೆಟ್ಟಿಲು ಕಡಿದು, ಪಕ್ಕದ ಗೋಡೆಯಲ್ಲಿ ಹೆಣ ಕೂಡ್ರುವಷ್ಟು ಗೂಡು ಕೊರೆಯಬೇಕು. ಕೊರೆದು ಮೇಲೆ ಬಂದ ಮೇಲೆ ಅದರ ಹತ್ತಿರ ನಿಲ್ಲುವ ಹಾಗಿಲ್ಲ. ದೂರ ಸರಿದು, ಅವರು ಒಗೆದದ್ದನ್ನು ಬಗ್ಗಿ ಆರಿಸಿಕೊಳ್ಳಬೇಕು. ಅವನ ಅಜ್ಜ ಆರಿಸಿದ. ಅಪ್ಪ ಆರಿಸಿದ. ಇದರಿಂದ ಪಾರಾಗಲಿ ಎಂದೇ ಕರಿಯವ್ವ ಮಗನನ್ನು ಬೆಟಗೇರಿಗೆ ಅಟ್ಟಿದ್ದು. ಮಿಲ್ಲು ಮುಚ್ಚಿ ಅವನು ಊರಿಗೆ ಮರಳಿದ ಎಂಟನೆಯ ದಿನವೇ ಕರೆ ಬಂದಿತ್ತು. “ಲಕ್ಕ್ಯಾ ಬಂದಾನಂತಲ್ಲ, ಗುದ್ದಲಿ ತಗೊಂಡ ಬರಾಕ ಹೇಳ್ರಿ.” ಎಂಟು ತಿಂಗಳಲ್ಲಿ ಹನ್ನೊಂದು ಕುಣಿ.

“ಅದು ಕೆಲಸ ಅಲ್ಲ ತಂಗಿ. ಅಳಸು ಅದನ್ನ.”

“ಮತ್ತೇನಂತ ಬರೀಲ್ರಿ?”

“ಬಿಟ್ಟಿ ಅಂತ ಬರಿ.”

“ಬಿಟ್ಟಿ ಅನ್ನೂದು ಇದರಾಗ ಇಲ್ರಿ ಅಣ್ಣಾರ. ಜ್ವಾಳ ಕೊಟ್ಟಾರಲ್ಲ, ಕೂಲಿ ಅಂತ ಹಿಡೀತೈತಿ. ಏಳು ದಿನದಾಗ ಒಂದ ತಾಸು ದುಡದ್ರೂ ಕೆಲಸ ಇದ್ದವ್ರು ಅಂತನ ಬರೀಬೇಕು. ಏನೂ ದುಡೀದಿದ್ರ ಅಷ್ಟ ಬೇಕಾರ, ಕೆಲಸ ಇಲ್ದವ್ರು. ರೂಲ್ ಐತ್ರಿ.”

“ಬರಕೋ ಹಂಗಾರ, ಹಾಳಾಗಿ ಹೋಗ್ಲಿ. ನನ್ನೊಬ್ಬನ ಹೆಸರ ಯಾವ ಕಡಿ ಬಿದ್ರ ಯಾರಿಗೇನ ಆಗೂದೈತಿ?”

ಹುಡುಗಿ ಪಾಪ, ಒಳ್ಳೆಯ ಮನಸ್ಸಿನಿಂದಲೇ ತಿಳಿಸಿ ಹೇಳಿದಳು. “ನಿಮ್ಮೊಬ್ಬರದಲ್ರಿ ಇದು. ಎಲ್ಲಾರ ಮನಿಗೂ ಹೋಗಾಕ ಆಗಂಗಿಲ್ಲಲ್ರಿ. ನೀವೊಬ್ರು ಹೇಳಿದ್ದು ಹೆಚ್ಚುಕಡಿಮಿ ಮೂರು ಸಾವಿರ ಮಂದಿ ಹೇಳಿದಂಗ. ನಿಮಗ ಕೆಲಸ ಐತಿ ಅಂದ್ರ ಅವರಿಗೆಲ್ಲಾ ಐತಿ ಅಂತ ಲೆಕ್ಕ.”

ಲಕ್ಕಪ್ಪ ತಲೆ ಎತ್ತಿ ನೋಡಿದ. ಗೋಡೆಗೆ ಒರಗಿದ್ದ ಹೊನ್ನೇಶ ಒಬ್ಬನೇ ಇರಲಿಲ್ಲ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಓಣಿಯ ತುಂಬ, ಓಣಿಯ ಆಚೆ ಜಾಲಿಯ ಕಂಟಿಗಳ ನಡುವೆ, ಹೊಲದ ಬದುವಿನುದ್ದಕ್ಕೂ ಜನ. ರೆಪ್ಪೆಯ ಮೇಲೆ ಹತ್ತಿ, ಕೈಯಲ್ಲಿ ಬುತ್ತಿ.  ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. 

ಅವನು ಅಂಗೈಯನ್ನು ಟ್ಯಾಬಿನ ಮೇಲೆ ಅಡ್ಡ ಇಟ್ಟ. “ಬರೀಬ್ಯಾಡ.”

ಶೃತಿ ಹೆದರಿದಳು. “ಗಲಾಟಿ ಮಾಡಬ್ಯಾಡ್ರಿ ಅಣ್ಣಾರ. ನಂದೂ ಮೂರು ತಿಂಗಳ ಗುತ್ತಿಗಿ. ಈ ತಿಂಗಳ ಮುಗೀತಂದ್ರ ನಾನೂ ಮನ್ಯಾಗ.” ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. “ಒಂದ ಮಾಡ್ತೀನಿ. ನಿಮ್ಮ ಮನೀದು ಅರ್ಧಕ್ಕ ಬಿಡ್ತೀನಿ. ಬರೂ ಮಂಗಳಾರ ಉಳದ ಮನಿಗೆ ಬರಬೇಕ ನಾ. ಆವತ್ತಿನ ದಿನಾನೂ ಹಿಡದು ಹಿಂದಿನ ಏಳು ದಿನದ್ದ ಕೇಳ್ತೀನಿ.”

ಅವಳು ಹೋದ ಮೇಲೆ ಕರಿಯವ್ವ ಹೊಸ್ತಿಲಲ್ಲೇ ಕುಸಿದು ಕೂತಳು. “ನಾ ಏನರ ತಪ್ಪ ಮಾತಾಡಿದ್ನೇನೋ ಯಪ್ಪಾ?”

ಲಕ್ಕಪ್ಪ ಬಿಡಿಸಿ ಹೇಳಿದ. ಕೇಳಿ ಮುದುಕಿ ಹಣೆ ಬಡಿದುಕೊಂಡಳು. “ನಿನ್ನ ಮಾನ ಉಳಸಾಕ ಹೋಗಿ ಅಷ್ಟು ಮಂದಿ ಬಾಯಾಗ ಮಣ್ಣ ಹಾಕಾಕ ಹೊಂಟಿದ್ನಲ್ಲೋ! ಸುಡ್ಲಿ ನನ್ನ ನಾಲಿಗಿ. ಏಳು ದಿನ ತಾನ? ಗುದ್ದಲಿ ಮುಟ್ಟಬ್ಯಾಡ. ಯಾರ ಕರದ್ರೂ ಹೋಗಬ್ಯಾಡ.” ಸ್ವಲ್ಪ ಹೊತ್ತು ಉಸಿರಿಗಾಗಿ ಬಾಯಿ ತೆರೆದು ಕೂತು, ನಕ್ಕಳು. “ನಾನೂ ಮಂಗಳಾರ ತನಕ ಸಾಯಂಗಿಲ್ಲ ತಗೋ. ನನ್ನ ಕುಣಿ ತಗದು ನಿನ್ನ ಲೆಕ್ಕ ಕೆಡೂದು ಬ್ಯಾಡ.”

ಲಕ್ಕಪ್ಪನ ಹೆಂಡತಿ ಫಕ್ಕೀರವ್ವ ಕಳೆ ಕಿತ್ತು ಬಂದವಳು, “ತಾಯಿ ಮಗಂಗ ಇಬ್ಬರಿಗೂ ಹುಚ್ಚ ಹಿಡದೈತಿ,” ಅಂದು ಒಲೆ ಹೊತ್ತಿಸಿದಳು.

ಬುಧವಾರ ನಸುಕಿನಲ್ಲಿ ಮೇಲಿನ ಓಣಿಯ ದೊಡ್ಡಗೌಡ ಸತ್ತ. ಹೊತ್ತು ಏರುವ ಮೊದಲೇ ಊರಿನ ಕರೆ ಮುಟ್ಟಿಸುವ ವಾಲೀಕಾರ ಯಂಕಪ್ಪ ಬಾಗಿಲಿಗೆ ಬಂದ.

“ಲಕ್ಕ್ಯಾ, ಗುದ್ದಲಿ, ಹಾರಿ ತಗೊಂಡ ಜಲ್ದಿ ನಡಿ. ಗೌಡ್ರ ತ್ವಾಟದಾಗ.”

“ಬರಂಗಿಲ್ಲ.”

“ಯಾಕ, ಆರಾಮಿಲ್ಲೇನು?”

“ಆರಾಮ ಅದೀನಿ. ಬರಂಗಿಲ್ಲ. ನಾ ಬೇಕಾರ ಇರಬೇಕು.”

ಯಂಕಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅರ್ಧ ತಾಸಿನಲ್ಲಿ ಸತ್ತವನ ಮಗ ಚನ್ನವೀರಗೌಡನೇ ಬಂದ. ಕೇರಿಯೊಳಗೆ ಕಾಲಿಡಲಿಲ್ಲ, ಬೇವಿನ ಗಿಡದ ಹತ್ತಿರ ನಿಂತು ಕೂಗಿದ. ಲಕ್ಕಪ್ಪ ಹೋಗಿ ಎದುರು ನಿಂತ. ಕೇರಿಯೆಲ್ಲ ಬಾಗಿಲಿಗೆ ಬಂದಿತ್ತು.

“ನಿಮ್ಮಪ್ಪ ನಮ್ಮಜ್ಜನ ಕುಣಿ ತಗದಾನ. ಗೊತ್ತೈತಿಲ್ಲೋ?”

“ತಗದಾನ್ರಿ. ಅಂವ ಸತ್ತಾಗ ನಿಮ್ಮನ್ಯಾವ್ರು ಯಾರ ಬಂದು ಹಿಡಿ ಮಣ್ಣ ಹಾಕಿದ್ರು?”

“ಮನ್ಯಾಗ ಹೆಣ ಐತಲೇ. ಈಗ ನಿನ್ನ ಕಾಲ ಹಿಡೀಲೇನು?”

“ಕಾಲ ಬ್ಯಾಡ್ರಿ. ಗುದ್ದಲಿ ಹಿಡೀರಿ.”

ಅಂದುಬಿಟ್ಟ.  ನಲವತ್ತಾರು ವರ್ಷದಲ್ಲಿ ಆ ಓಣಿಯ ಗಂಡಸಿನ ಮುಖ ನೋಡಿ ಆಡಿದ ಮೊದಲ ಮಾತು ಅದು. ತಿರುಗಿ ನೋಡಿದರೆ ಬೆನ್ನ ಹಿಂದೆ ಅವರೆಲ್ಲ ಇದ್ದರು, ಜಾಲಿಯ ಕಂಟಿಯವರೆಗೂ, ಬಿಳಿ ರೆಪ್ಪೆಯವರು. ಚನ್ನವೀರಗೌಡನಿಗೆ ಕಾಣಿಸಲಿಲ್ಲ, ಬಿಡಿ. ಅವನು ಕೇರಿಯ ಉಳಿದ ಗಂಡಸರತ್ತ ಕೈ ತೋರಿಸಿ “ನೀವು ಬರ್ರಿ” ಅಂದ. ಯಾರೂ ಬಾಗಿಲು ಬಿಟ್ಟು ಅಲುಗಲಿಲ್ಲ. ಒಬ್ಬ ಮಾತ್ರ ಕೆಮ್ಮಿದ.

ಹೊಂಬಳದಿಂದ ಜಾವೀದನ ಜೆಸಿಬಿ ತರಿಸಿದರು. ಹತ್ತು ನಿಮಿಷ. ಲಕ್ಕಪ್ಪ ನಾಲ್ಕು ತಾಸು ಬೆವರು ಸುರಿಸುವ ಕುಣಿ ಹತ್ತು ನಿಮಿಷದಲ್ಲಿ ಬಾಯಿ ತೆರೆಯಿತು. ಆದರೆ ಗೂಡು? ಪಕ್ಕದ ಗೋಡೆಯನ್ನು ಕೊರೆಯಲು ಜೆಸಿಬಿಯ ಕೈ ತಿರುಗುವುದಿಲ್ಲ. “ಅದು ನನ್ನ ಗಾಡಿಲೆ ಆಗಂಗಿಲ್ರಿ ಗೌಡ್ರ, ಮನಶಾನ ಇಳೀಬೇಕು,” ಅಂದ ಜಾವೀದ. ಬಂದ ಬೀಗರು, ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಧೋತರ ಎತ್ತಿ ಕಟ್ಟಲಿಲ್ಲ. ಕೊನೆಗೆ ಚನ್ನವೀರಗೌಡನೇ ಅಪ್ಪನ ಕುಣಿಗೆ ಇಳಿದ. ಹುಟ್ಟಿದಾಗಿನಿಂದ ಸಲಿಕೆ ಹಿಡಿಯದ ಕೈ. ಗೂಡು ಆಗುವುದರೊಳಗೆ ಎರಡೂ ಅಂಗೈ ಬೊಬ್ಬೆ ಎದ್ದು ಒಡೆದವು. ಕೇರಿಯ ಹೆಂಗಸರು ದೂರದ ಬದುವಿನ ಮೇಲೆ ನಿಂತು ನೋಡಿದರು. ನಗಲಿಲ್ಲ. ಆದರೆ ನೋಡಿದರಲ್ಲ, ಅದನ್ನು ಮೇಲಿನ ಓಣಿ ಮರೆಯಲಿಲ್ಲ.

ಗುರುವಾರ ಫಕ್ಕೀರವ್ವನನ್ನು ಹೊಲದಿಂದ ವಾಪಸು ಕಳಿಸಿದರು. ಶುಕ್ರವಾರ ಹಿಟ್ಟಿನ ಗಿರಣಿಯವನು ಅವಳ ಜೋಳದ ಬುಟ್ಟಿಯನ್ನು ಪಾಳಿಯಿಂದ ಎತ್ತಿ ಹೊರಗಿಟ್ಟ. “ನನ್ನ ಕಡೆ ಏನಿಲ್ಲಬೇ, ಮ್ಯಾಲಿಂದ ಹೇಳ್ಯಾರ,” ಅಂದ. ಅಂಗಡಿಯಲ್ಲಿ ಬೆಂಕಿಪೆಟ್ಟಿಗೆಯೂ ಸಿಗಲಿಲ್ಲ. ಹೊಂಬಳದ ಕಡೆ ಕಟ್ಟಡದ ಕೆಲಸವಿದೆ, ಎರಡು ದಿನ ಬಾ ಎಂದು ಮೇಸ್ತ್ರಿಯೊಬ್ಬನ ಫೋನು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ! ಲಕ್ಕಪ್ಪ ಬೆರಳು ಮಡಿಚಿ ದಿನ ಎಣಿಸಿದ.

“ಬುಧವಾರದಿಂದ ಬರ್ತೀನ್ರಿ,” ಅಂದ.

“ಬುಧವಾರ ಅಂದ್ರ ಕೆಲಸ ಮುಗದಿರ್ತೈತಿ,” ಅಂದು ಆತ ಇಟ್ಟುಬಿಟ್ಟ.

ಫಕ್ಕೀರವ್ವ ಇದನ್ನು ಕೇಳಿ ಕೆಂಡವಾದಳು. “ನಿನ್ನ ಮೂರು ಸಾವಿರ ಮಂದಿ ಬಂದು ನಮ್ಮ ಗಂಗಾಳದಾಗ ಏನರ ಹಾಕ್ತಾರೇನು? ಮನಿ ಮಂದಿ ಹಸಗೊಂಡು ಸತ್ರೂ ನಿನಗ ಕಾಗದದಾಗ ಬೇಕಾರ ಆಗೂದ ಬೇಕು!” ಬೈದಳು, ಅತ್ತಳು, ಆಮೇಲೆ ಪಕ್ಕದ ಮನೆಯಿಂದ ಹಿಟ್ಟು ತಂದು ನಾಲ್ಕು ರೊಟ್ಟಿ ಬಡಿದಳು. ಲಕ್ಕಪ್ಪನಿಗೆ ಅವಳ ಮಾತು ಸುಳ್ಳು ಅನ್ನಿಸಲಿಲ್ಲ. ಆದರೆ ಬಾಗಿಲಿನಾಚೆ ನೋಡಿದರೆ ಆ ಬಿಳಿ ರೆಪ್ಪೆಯವರು ಕೂತಿದ್ದರು. ಯಾರೂ ಬುತ್ತಿ ಬಿಚ್ಚಿರಲಿಲ್ಲ.

ಭಾನುವಾರ ಬೆಳಿಗ್ಗೆ ಕರಿಯವ್ವನ ಉಬ್ಬಸ ಕೆರಳಿತು. ಊರಿನಲ್ಲಿ ಎರಡು ಆಟೋ ಇದ್ದವು. ಒಂದರವನು ಗಾಡಿ ಕೆಟ್ಟಿದೆ ಅಂದ. ಇನ್ನೊಬ್ಬ ಬಾಗಿಲನ್ನೇ ತೆಗೆಯಲಿಲ್ಲ. ಆಂಬುಲೆನ್ಸಿಗೆ ಫೋನು ಹಚ್ಚಿದರು, ಹೊರಟಿದೆ ಅಂದರು. ಮುದುಕಿ ಮಗನ ಅಂಗಿ ಹಿಡಿದುಕೊಂಡಳು. ಉಸಿರು ಮೇಲೆ ಹೋದದ್ದು ಕೆಳಗೆ ಬರಲು ಒಲ್ಲದು.

“ಇವತ್ತ ಯಾವ ವಾರೋ?”

“ಐತಾರಬೇ.”

“ಇನ್ನೂ ಎರಡ ದಿನ,” ಅಂದಳು. ಖರೆ ಹೇಳಬೇಕೆಂದರೆ ಆ ತಾಯಿ ಎರಡು ದಿನ ತಡೆಯಲು ನೋಡಿದಳು. ಕಣ್ಣು ಹಿಗ್ಗಿಸಿಕೊಂಡು, ಹಲ್ಲು ಕಚ್ಚಿಕೊಂಡು, ಒಂದೊಂದು ಉಸಿರನ್ನೂ ಎಳೆದು ಹಿಡಿದಳು. ಆಂಬುಲೆನ್ಸು ಬಂದಾಗ ಅವಳ ಮುಷ್ಟಿಯಿಂದ ಲಕ್ಕಪ್ಪನ ಅಂಗಿಯನ್ನು ಬಿಡಿಸಬೇಕಾಯಿತು.

ಕೇರಿಯವರು ಗುದ್ದಲಿ ತಂದರು. “ನೀ ಕುಂದ್ರೋ ಲಕ್ಕಪ್ಪ. ನಿನ್ನ ಲೆಕ್ಕ ಕೆಡ್ತೈತಿ. ನಾವು ತಗೀತೀವಿ,” ಅಂದರು. ಅಷ್ಟು ದಿನದಲ್ಲಿ ಅವರಿಗೆಲ್ಲ ಆ ಲೆಕ್ಕ ಬಾಯಿಪಾಠವಾಗಿತ್ತು.

ಲಕ್ಕಪ್ಪ ಕೂತ. ಮೊದಲ ಏಟು ನೆಲಕ್ಕೆ ಬಿದ್ದದ್ದು ಕೇಳಿತು. ಎರಡನೆಯದು ಕೇಳಿತು. ಮೂರನೆಯದಕ್ಕೆ ಎದ್ದ.

“ಕೊಡ್ರಿಲ್ಲೆ. ಕಂಡೋರ ಅವ್ವಂದಿರಿಗೆಲ್ಲಾ ತಗದೀನಿ. ನಮ್ಮವ್ವಗ ನಾ ತಗೀದ ಯಾರ ತಗೀಬೇಕು?”

ಮಳೆ ಕಾಣದ ಎರೆಭೂಮಿ, ಕಬ್ಬಿಣವಾಗಿತ್ತು. ಪ್ರತಿ ಏಟಿಗೂ ಹಾರೆ ಹಿಂದಕ್ಕೆ ಎಗರುತ್ತಿತ್ತು. ಒಂದು ತಾಸು ಆಯಿತು. ಎರಡಾಯಿತು. ಮೂರು ಸಾವಿರ ಮಂದಿಗೆ ನಾನು ಮೋಸ ಮಾಡಿದೆ ಅನ್ನುವುದು ಅವನ ಎದೆಯಲ್ಲಿ ಕೊರೆಯುತ್ತಿತ್ತು. ತಲೆ ಎತ್ತಿ ನೋಡಲು ಧೈರ್ಯ ಬರಲಿಲ್ಲ. ಹೊನ್ನೇಶ ಕುಣಿಯ ಅಂಚಿನಲ್ಲಿ ನಿಂತಿದ್ದಾನೆಂದು ಅವನಿಗೆ ಗೊತ್ತಿತ್ತು. ಅವನ ಪಾದ ಕಾಣುತ್ತಿತ್ತು, ಬಾವಿಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. “ತಪ್ಪಾತಲೇ ಹೊನ್ನ್ಯಾ,” ಅಂದ ಲಕ್ಕಪ್ಪ. ಸಂಜೆಯ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಬಂದರು.

ಮಂಗಳವಾರ ಶೃತಿ ಬಂದಳು. ಮನೆಯ ಮುಂದೆ ದೀಪ, ತಲೆ ಬೋಳಿಸಿಕೊಂಡು ಕೂತ ಲಕ್ಕಪ್ಪ. ಹುಡುಗಿ ಚಪ್ಪಲಿ ದೂರ ಬಿಟ್ಟು ಬಂದು ನೆಲದ ಮೇಲೆ ಕೂತಳು. ಕೇರಿಯವರು ಸುತ್ತ ನೆರೆದರು.

“ಕೇಳು ತಂಗಿ. ನಿನ್ನ ಕೆಲಸ ನೀ ಮಾಡು.”

“ಹೋದ ಏಳು ದಿನದಾಗ 
 ಒಂದು ತಾಸರ…” ಅವಳು ಟ್ಯಾಬಿನ ಮೇಲೆ ಕಣ್ಣು ನೆಟ್ಟಳು.

“ಮಾಡೀನಿ. ಐತಾರ. ಐದ ತಾಸು. ನಮ್ಮವ್ವನ ಕುಣಿ ತಗದೀನಿ. ಸುಳ್ಳ ಹೇಳಂಗಿಲ್ಲ ನಾ.”

ಶೃತಿ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದಳು. ತಿರುವಿ, ತಲೆ ಅಲ್ಲಾಡಿಸಿದಳು. “ಅದು ಬರಂಗಿಲ್ರಿ ಅಣ್ಣಾರ. ಸ್ವಂತ ಮನಿ ಸಲುವಾಗಿ ಮಾಡಿದ್ದು, ಯಾರೂ ಏನೂ ಕೊಡಲಿಲ್ಲ. ಇದರ ಪ್ರಕಾರ ಅದು ಕೆಲಸ ಅಲ್ಲ.”

ಯಾರದೋ ಮುದುಕಿಗೆ ತೆಗೆದದ್ದು ಕೆಲಸ. ತನ್ನ ತಾಯಿಗೆ ತೆಗೆದದ್ದು ಏನೂ ಅಲ್ಲ. ಲಕ್ಕಪ್ಪ ತನ್ನ ಅಂಗೈ ನೋಡಿಕೊಂಡ. ಉಗುರಿನೊಳಗೆ ಇನ್ನೂ ಆ ಮಣ್ಣಿತ್ತು. ಹುಟ್ಟಿದಾಗಿನಿಂದ ಮನಸ್ಸಿಟ್ಟು ದುಡಿದದ್ದು ಅದೊಂದೇ ಅಂತ ಒದರಬೇಕು ಅನ್ನಿಸಿತು. ನುಂಗಿಕೊಂಡ.

“ಆತು. ಹಂಗಾರ ಬರಕೋ. ಬೇಕಾರ.”

“ಇನ್ನೊಂದ ಪ್ರಶ್ನಿ ಐತ್ರಿ,” ಅಂದಳು ಹುಡುಗಿ, ಅವನ ಮುಖ ನೋಡದೆ. “ಈ ಏಳು ದಿನದಾಗ ಕೆಲಸ ಹುಡುಕೀರೇನ್ರಿ? ಸಿಕ್ಕಿದ್ರ ಮಾಡಾಕ ತಯಾರ ಇದ್ರೇನ್ರಿ?”

“ಇಲ್ಲಂದ್ರ?”

“ಇಲ್ಲಂದ್ರ… ನೀವು ಬೇಕಾರನೂ ಅಲ್ರಿ. ಲೆಕ್ಕದಾಗ ಬರಂಗಿಲ್ಲ.”

 ಫಕ್ಕೀರವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಲಕ್ಕಪ್ಪನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು.

“ಹೊನ್ನೇಶ ನಾಕ ತಿಂಗಳ ಹುಡುಕಿದ. ದಿನಾ ಬುತ್ತಿ ಕಟ್ಟಿಕೊಂಡ ಹೋಗಿ ಹುಡುಕಿದ. ಅವನ್ನ ಯಾವ ಲೆಕ್ಕದಾಗ ಬರಕೊಂಡ್ರಿ? ಕಾಲ ಜಾರಿದಾವ್ರ ಲೆಕ್ಕದಾಗ!”

ಎದ್ದ. ಗೂಟದ ಟಾವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡ. ಕಾಲಿಗೆ ಚಪ್ಪಲಿ ಮೆಟ್ಟಿದ.

“ಏಳು ದಿನ ಇನ್ನೂ ಮುಗದಿಲ್ಲಲ್ಲ? ನಡಿ ತಂಗಿ. ಕಣ್ಣಿಲೆ ನೋಡಿ ಬರಕೋ.”

ಚಪ್ಪಲಿ ಮೆಟ್ಟಿಕೊಂಡೇ ಮೇಲಿನ ಓಣಿ ಹತ್ತಿದ. ಹಿಂದೆ ಟ್ಯಾಬು ಎದೆಗೆ ಅವಚಿಕೊಂಡ ಹುಡುಗಿ, ಅವಳ ಹಿಂದೆ ಫಕ್ಕೀರವ್ವ, ಅವಳ ಹಿಂದೆ ಕೇರಿ. ಮೊದಲ ಮನೆಯ ಬಾಗಿಲು ತಟ್ಟಿದ.

“ಕೆಲಸ ಐತೇನ್ರೀ? ಕುಣಿ ತಗಿಯೂದಲ್ಲ. ಪಗಾರ ಕೊಡೂ ಕೆಲಸ!”

ಕಿಟಕಿ ಮುಚ್ಚಿತು. ಎರಡನೆಯ ಮನೆಯಲ್ಲಿ ನಾಯಿ ಬಿಟ್ಟರು. ಮೂರನೆಯ ಮನೆಯ ಹೆಂಗಸು ನೋಡಿ ಒಳಗೆ ಓಡಿದಳು. ನಾಲ್ಕನೆಯದು ಚನ್ನವೀರಗೌಡನ ಮನೆ. ಗೌಡನೇ ಬಾಗಿಲು ತೆರೆದ. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಲಕ್ಕಪ್ಪನ ಬೋಳು ತಲೆ ನೋಡಿದ, ಹಿಂದಿನ ಮಂದಿಯನ್ನು ನೋಡಿದ.

“ಕೆಲಸ ಐತೇನ್ರೀ ಗೌಡ್ರ? ದುಡೀತೀನಿ. ದುಡದದ್ದಕ್ಕ ಎಣಿಸಿ ಕೈಯಾಗ ಕೊಡಬೇಕು. ಒಗೀಬಾರದು.”

ಗೌಡ ಬಟ್ಟೆ ಸುತ್ತಿದ ಕೈಯಿಂದ ಬಾಗಿಲು ಹಾಕಲು ಹೋದ, ನೋವಿಗೆ ಮುಖ ಕಿವುಚಿ, ಮೊಣಕೈಯಿಂದ ನೂಕಿ ಹಾಕಿಕೊಂಡ.

“ಸಾಕ್ರಿ ಅಣ್ಣಾರ,” ಅಂದಳು ಶೃತಿ. ಅವಳ ಕಣ್ಣು ತುಂಬಿದ್ದವು. “ಬರಕೊಂಡೆ. ಹುಡುಕ್ಯಾರ, ಸಿಕ್ಕಿಲ್ಲ ಅಂತ ಬರಕೊಂಡೆ. ಇನ್ನ ಸಾಕು.”

“ನಿನಗ ಸಾಕಾತು ತಂಗಿ. ನಿನ್ನ ಬಸ್ಸಿನ ಹೊತ್ತಾತು, ನೀ ಹೋಗು,” ಅಂದ ಲಕ್ಕಪ್ಪ. “ನನಗ ಕೆಲಸ ಬೇಕಾಗೇತಿ.”

ಮುಂದಿನ ಬಾಗಿಲು ತಟ್ಟಿದ.